ನಲ್ಲೂರಿನ ಒಂದು ದಿನಕ್ಕೆ ಎಷ್ಟು ಗಡಿಯಾರ?

ಕರೆಂಟಿನ ಪಾಳಿ, ನಾಲೆಯ ಸರದಿ, ಡೇರಿ, ಬಸ್ಸು, ಕಚೇರಿ: ಅಡಿಕೆ ಸೀಮೆಯ ಮನೆಯ ದಿನವನ್ನು ಕಟ್ಟಿಹಾಕುವ ಗಡಿಯಾರಗಳು ಮನೆಯ ಹೊರಗಿವೆ. ಅವುಗಳ ನಡುವೆ ನಮ್ಮ ಹೊತ್ತನ್ನು ಉಳಿಸಿಕೊಳ್ಳುವುದು ಹೇಗೆ?

ಸಮಯ ನಿರ್ವಹಣೆಯ ಬಗ್ಗೆ ಪುಸ್ತಕಗಳಿಗೆ ಬರವಿಲ್ಲ. ಬೆಳಿಗ್ಗೆ ಬೇಗ ಏಳಿ, ಮುಖ್ಯವಾದ ಕೆಲಸ ಮೊದಲು ಮುಗಿಸಿ, ಮಾಡಬೇಕಾದ್ದನ್ನು ಪಟ್ಟಿ ಮಾಡಿ ಎನ್ನುತ್ತವೆ ಅವು. ಮಾತು ಒಳ್ಳೆಯದೇ. ಆದರೆ ಅವನ್ನು ಬರೆದವರ ಕಣ್ಣ ಮುಂದೆ ಇರುವುದು ಒಂದು ಮೇಜು, ಒಂದು ಕುರ್ಚಿ, ತನ್ನ ದಿನವನ್ನು ತಾನೇ ಜೋಡಿಸಿಕೊಳ್ಳಬಲ್ಲ ಒಬ್ಬ ಉದ್ಯೋಗಿ. ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ನಲ್ಲೂರಿನಂಥ ಊರಿನಲ್ಲಿ ಅಡಿಕೆ ತೋಟ, ಎರಡು ಹಸು, ಶಾಲೆಗೆ ಹೋಗುವ ಮಕ್ಕಳು ಇರುವ ಮನೆಗೆ ಈ ಉಪದೇಶ ಅರ್ಧ ಮಾತ್ರ ಹೊಂದುತ್ತದೆ.

ಏಕೆಂದರೆ ಇಲ್ಲಿ ದಿನದ ಮುಖ್ಯ ಗಂಟೆಗಳನ್ನು ಮನೆಯವರು ನಿರ್ಧರಿಸುವುದಿಲ್ಲ. ತ್ರೀ ಫೇಸ್ ಕರೆಂಟು ಯಾವಾಗ ಬರಬೇಕೆಂದು ವಿದ್ಯುತ್ ಕಂಪನಿ ಬೆಸ್ಕಾಂ ಹೇಳುತ್ತದೆ. ನಾಲೆಗೆ ನೀರು ಯಾವಾಗ ಎಂದು ಭದ್ರಾ ಯೋಜನೆಯ ನೀರಾವರಿ ಸಲಹಾ ಸಮಿತಿ ಹೇಳುತ್ತದೆ. ಹಾಲು ಹಾಕುವ ಹೊತ್ತನ್ನು ಡೇರಿ, ಊರು ಬಿಡುವ ಹೊತ್ತನ್ನು ಬಸ್ಸು, ಮಕ್ಕಳ ಹೊತ್ತನ್ನು ಶಾಲೆಯ ಗಂಟೆ ಗೊತ್ತುಮಾಡುತ್ತವೆ. ಇವೆಲ್ಲದರ ಮೇಲೆ ಬಿಸಿಲು ಮತ್ತು ಮಳೆ. ನಲ್ಲೂರಿನ ಜನ ಸೋಮಾರಿಗಳಾಗಿದ್ದಕ್ಕೆ ಇಲ್ಲಿ ಹೊತ್ತು ಸಾಲುತ್ತಿಲ್ಲ ಎನ್ನಲಾಗದು. ಆರೇಳು ಗಡಿಯಾರಗಳು ಒಂದೇ ಮನೆಯ ಮೇಲೆ ಒಟ್ಟಿಗೆ ಅಧಿಕಾರ ನಡೆಸುತ್ತಿವೆ. ಆದ್ದರಿಂದ ಇಲ್ಲಿ ಸಮಯ ನಿರ್ವಹಣೆಯ ಮೊದಲ ಪಾಠ ಬೇಗ ಏಳುವುದಲ್ಲ. ನಮ್ಮ ಕೈಯಲ್ಲಿಲ್ಲದ ಹೊತ್ತು ಯಾವುದು, ನಮ್ಮ ಕೈಯಲ್ಲಿರುವುದು ಯಾವುದು ಎಂದು ಬೇರೆ ಮಾಡಿ ನೋಡುವುದು.

ಬಿಸಿಲಿನ ಲೆಕ್ಕ

ಮೊದಲಿಗೆ ಎಲ್ಲಕ್ಕಿಂತ ಹಳೆಯ ಗಡಿಯಾರವನ್ನೇ ನೋಡೋಣ. ನಾವು ಕೈಗೆ ಕಟ್ಟಿಕೊಂಡಿರುವ ಭಾರತೀಯ ಕಾಲಮಾನ 1906ರಲ್ಲಿ ಜಾರಿಗೆ ಬಂತು. ಅದರ ಲೆಕ್ಕ ನಿಂತಿರುವುದು ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಚನ್ನಗಿರಿ ಸೀಮೆ ಅದಕ್ಕಿಂತ ಸುಮಾರು ಆರೂವರೆ ಡಿಗ್ರಿ ಪಶ್ಚಿಮಕ್ಕಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ, ನಮ್ಮ ಸೂರ್ಯ ಗಡಿಯಾರಕ್ಕಿಂತ ಸರಾಸರಿ 26 ನಿಮಿಷ ಹಿಂದಿದ್ದಾನೆ. ಗಡಿಯಾರ ಹನ್ನೆರಡು ಹೊಡೆದಾಗ ನಲ್ಲೂರಿನಲ್ಲಿ ನೆತ್ತಿಯ ಮೇಲಿನ ಹೊತ್ತು ಇನ್ನೂ ಆಗಿರುವುದಿಲ್ಲ. ಭೂಮಿಯ ಚಲನೆಯ ಏರಿಳಿತದಿಂದ ಫೆಬ್ರುವರಿಯಲ್ಲಿ ಆ ಹೊತ್ತು 12.40ರ ಸುಮಾರಿಗೆ, ನವೆಂಬರ್ ಆರಂಭದಲ್ಲಿ 12.10ರ ಸುಮಾರಿಗೆ ಆಗುತ್ತದೆ.

ಈ ಲೆಕ್ಕ ದಿನದ ಕೆಲಸಕ್ಕೆ ನೇರವಾಗಿ ಬರುತ್ತದೆ. ಜೂನ್ ಮೊದಲ ವಾರ ಇಲ್ಲಿ ಸೂರ್ಯ ಆರು ಗಂಟೆಗೆ ಮುಂಚೆಯೇ ಹುಟ್ಟುತ್ತಾನೆ. ಜನವರಿ ಮಧ್ಯದಲ್ಲಿ ಹುಟ್ಟುವುದು 6.50 ದಾಟಿದ ಮೇಲೆ. ಒಂದು ಗಂಟೆಯ ಈ ವ್ಯತ್ಯಾಸವನ್ನು ನಮ್ಮ ಶಾಲೆಯಾಗಲಿ ಬಸ್ಸಾಗಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಚಳಿಗಾಲದಲ್ಲಿ ಬೆಳಗಿನ ಮನೆಗೆಲಸವೆಲ್ಲ ಇಕ್ಕಟ್ಟಾಗುವುದು ಇದರಿಂದಲೇ. ಜನವರಿಯಲ್ಲಿ ಬೆಳಿಗ್ಗೆ ಮಾಡಲೇಬೇಕಾದ್ದನ್ನು ಹಿಂದಿನ ಸಂಜೆಗೆ ತಳ್ಳುವ ಮನೆ ಒದ್ದಾಡುವುದಿಲ್ಲ. ಹಸುವಿನ ಹಿಂಡಿ ಅಳೆದಿಡುವುದು, ಮಕ್ಕಳ ಬ್ಯಾಗು ಜೋಡಿಸಿಡುವುದು, ತರಕಾರಿ ಹೆಚ್ಚಿಡುವುದು ಇವೆಲ್ಲ ರಾತ್ರಿಯ ಕೆಲಸಗಳಾಗಬಲ್ಲವು. ಜೂನ್‌ನಲ್ಲಿ ಅದೇ ಮನೆಗೆ ಬೆಳಕಿನಲ್ಲೇ ಒಂದು ಗಂಟೆ ಹೆಚ್ಚು ಸಿಗುತ್ತದೆ, ಆಗ ಆ ಗಂಟೆ ಹೊಲಕ್ಕೆ ಸಲ್ಲಬೇಕು. ವರ್ಷವಿಡೀ ಒಂದೇ ವೇಳಾಪಟ್ಟಿ ಇಟ್ಟುಕೊಂಡವರಿಗೆ ಈ ಲಾಭ ದಕ್ಕುವುದಿಲ್ಲ.

ಅಡಿಕೆ ಒಣಗಿಸುವವರು ಇನ್ನೊಂದನ್ನು ನೆನಪಿಡಬೇಕು. ನಮ್ಮ ಅಕ್ಷಾಂಶದಲ್ಲಿ ವರ್ಷದ ಅತಿ ಬೇಗನೆಯ ಸೂರ್ಯಾಸ್ತ ಡಿಸೆಂಬರ್ ಕೊನೆಗಲ್ಲ, ನವೆಂಬರ್ ಮೂರನೆಯ ವಾರದ ಸುಮಾರಿಗೆ ಬರುತ್ತದೆ. ಆಗ ಇಲ್ಲಿ ಸೂರ್ಯ ಮುಳುಗುವುದು ಆರಕ್ಕೆ ಐದು ನಿಮಿಷ ಇರುವಾಗಲೇ. ಸುಗ್ಗಿಯ ನಟ್ಟನಡುವೆ ಸಂಜೆ ಬೇಗ ಬರುತ್ತದೆ ಎಂದರ್ಥ. ಕಣದ ಮೇಲಿನ ಅಡಿಕೆಗೆ ಬಿಸಿಲು ಪೂರ್ತಿ ಸಿಗಬೇಕಾದರೆ ಬೆಳಿಗ್ಗೆ ಎಂಟರೊಳಗೆ ಹರಡಿ ಮುಗಿದಿರಬೇಕು. ಹತ್ತು ಗಂಟೆಗೆ ಹರಡಿದವರು ಕಳೆದುಕೊಂಡ ಎರಡು ಗಂಟೆ ಸಂಜೆಗೆ ಮರಳಿ ಸಿಗುವುದಿಲ್ಲ.

ಕರೆಂಟಿನ ಪಾಳಿ, ನೀರಿನ ಸರದಿ

ಸಂಜೆ ಕಟ್ಟೆಯ ಮೇಲೆ ಕೂತವರ ನಡುವೆ ಹೆಚ್ಚು ಕೇಳಿಬರುವ ಪ್ರಶ್ನೆ ಇದು: 'ಈ ವಾರ ಹಗಲು ಪಾಳಿನೋ, ರಾತ್ರಿ ಪಾಳಿನೋ ಅಣ್ಣಾ?' ಅದಕ್ಕೆ ಬರುವ ಉತ್ತರದ ಮೇಲೆ ಆ ಮನೆಯ ನಿದ್ದೆ, ಊಟ, ಮರುದಿನದ ಕೂಲಿ ಎಲ್ಲವೂ ನಿಂತಿರುತ್ತವೆ.

ಕೃಷಿ ಪಂಪ್‌ಸೆಟ್‌ಗಳಿಗೆ ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಕೊಡುವುದು ರಾಜ್ಯದ ನೀತಿ. ಆ ಏಳು ಗಂಟೆ ಸರದಿಯ ಮೇಲೆ ಹಗಲಿಗೂ ಇರುಳಿಗೂ ಹಂಚಿಹೋಗುತ್ತದೆ. 2023ರ ಬರಗಾಲದಲ್ಲಿ ಅಕ್ಟೋಬರ್ ಹೊತ್ತಿಗೆ ಅದು ಐದು ಗಂಟೆಗೆ ಇಳಿದಾಗ ರಾಜ್ಯದುದ್ದಕ್ಕೂ ರೈತರು ಬೀದಿಗಿಳಿದರು. 2024ರ ಬೇಸಿಗೆಯಲ್ಲಿ ಚನ್ನಗಿರಿ ಸೀಮೆಯಲ್ಲಿ ಕೊಳವೆಬಾವಿಗಳು ಬತ್ತಿ, ಜನ ಟ್ಯಾಂಕರ್‌ನಲ್ಲಿ ನೀರು ತಂದು ತೋಟ ಉಳಿಸಿಕೊಳ್ಳಲು ಹೆಣಗಿದರು. ಇಂಥ ವರ್ಷದಲ್ಲಿ ಒಂದು ಗಂಟೆಯ ಕರೆಂಟನ್ನು ಕಳೆದುಕೊಳ್ಳುವುದೆಂದರೆ ಒಂದು ಸಾಲು ಗಿಡವನ್ನು ಕಳೆದುಕೊಂಡಂತೆ.

ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡಿದು ತೋಟಕ್ಕೆ ಹೋಗಿ, ಮೋಟಾರು ಹಾಕಿ, ನೀರು ತಿರುಗಿಸಿ, ಎರಡು ಗಂಟೆಗೆ ಮತ್ತೆ ಹೋಗಿ ಗೇಟ್‌ವಾಲ್ ಬದಲಿಸಿ ಬರುವ ಮನುಷ್ಯನ ಮರುದಿನವನ್ನು ಯಾವ ವೇಳಾಪಟ್ಟಿಯೂ ಸರಿಮಾಡಲಾರದು. ಅವನ ರಾತ್ರಿಯನ್ನು ಮೊದಲು ಉಳಿಸಬೇಕು. ಅದಕ್ಕೆ ಎರಡು ದಾರಿ ಈಗ ಕೈಗೆಟುಕುವಂತಿವೆ. ಒಂದು, ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್. ಮನೆಯಿಂದಲೇ ಕರೆ ಮಾಡಿ ಮೋಟಾರು ಹಾಕಬಹುದು, ನಿಲ್ಲಿಸಬಹುದು. ಇನ್ನೊಂದು, ಹನಿ ನೀರಾವರಿ. ನೀರು ಕಟ್ಟಲು ಆಳು ಎದ್ದು ಓಡಾಡಬೇಕಾದ ಕೆಲಸವನ್ನೇ ಅದು ತೆಗೆದುಹಾಕುತ್ತದೆ. ಅದಕ್ಕೆ ತೋಟಗಾರಿಕೆ ಇಲಾಖೆಯ ಸಹಾಯಧನವೂ ಇದೆ. ಹನಿ ನೀರಾವರಿಯನ್ನು ನೀರು ಉಳಿಸುವ ಸಾಧನ ಎಂದು ಮಾತ್ರ ನಾವು ಹೇಳುತ್ತ ಬಂದಿದ್ದೇವೆ. ಅದು ರೈತನ ನಿದ್ದೆ ಉಳಿಸುವ ಸಾಧನವೂ ಹೌದು.

ಇಲ್ಲಿ ಒಂದು ಎಚ್ಚರವೂ ಬೇಕು. ಕರೆಂಟು ಬಂದ ಕೂಡಲೇ ತಾನಾಗಿ ಹೊತ್ತಿಕೊಳ್ಳುವ ಆಟೋ ಸ್ಟಾರ್ಟರನ್ನು ಎಲ್ಲರೂ ಹಾಕಿಕೊಂಡರೆ ಒಂದು ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಎಲ್ಲ ಮೋಟಾರುಗಳೂ ಒಂದೇ ಕ್ಷಣಕ್ಕೆ ಎಳೆಯುತ್ತವೆ, ಟಿಸಿ ಸುಟ್ಟುಹೋಗುತ್ತದೆ. ಒಬ್ಬರು ಉಳಿಸಿಕೊಂಡ ಹತ್ತು ನಿಮಿಷ ಇಡೀ ಗುಂಪಿನ ಮೂರು ದಿನವನ್ನು ನುಂಗುತ್ತದೆ. ಗ್ರಾಮೀಣ ಪ್ರದೇಶದಲ್ಲಿ ಕೆಟ್ಟ ಟಿಸಿಯನ್ನು 72 ಗಂಟೆಯೊಳಗೆ ಬದಲಿಸಿಕೊಡಬೇಕೆಂಬುದು ವಿದ್ಯುತ್ ನಿಯಂತ್ರಣ ಆಯೋಗದ ಮಾನದಂಡ. ಆ ಗಡುವು ಶುರುವಾಗಬೇಕಾದರೆ ದೂರು ದಾಖಲಾಗಬೇಕು. ಟಿಸಿ ಹೋದ ದಿನವೇ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಂಡವರು ಮುಂದೆ ಬಾಯಿಮಾತಿನ ಜಗಳದಲ್ಲಿ ದಿನ ಕಳೆಯಬೇಕಿಲ್ಲ. ಒಂದೇ ಟಿಸಿಗೆ ಸೇರಿದ ರೈತರು ಕೂತು, ಯಾರು ಮೊದಲು, ಯಾರು ಅರ್ಧ ಗಂಟೆ ಬಿಟ್ಟು ಎಂದು ಸರದಿ ಮಾಡಿಕೊಂಡರೆ ಎಲ್ಲರ ಮೋಟಾರೂ ಉಳಿಯುತ್ತದೆ.

ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ಹೊರಟ ಬಲದಂಡೆ ನಾಲೆ ಚನ್ನಗಿರಿ ಸೀಮೆಯ ಗದ್ದೆ ತೋಟಗಳಿಗೂ ನೀರು ಕೊಡುತ್ತದೆ. ನೀರು ಕಡಿಮೆಯಿದ್ದ ವರ್ಷ 'ಆನ್ ಅಂಡ್ ಆಫ್' ಪದ್ಧತಿ ಬರುತ್ತದೆ: ಇಷ್ಟು ದಿನ ನೀರು, ಇಷ್ಟು ದಿನ ಬಂದ್. ಈ ದಿನಾಂಕಗಳು ಮೊದಲೇ ಪ್ರಕಟವಾಗುತ್ತವೆ. ಅವನ್ನು ಪತ್ರಿಕೆಯಿಂದ ಕತ್ತರಿಸಿ ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಅಂಟಿಸಬೇಕು. ಮದುವೆ, ಆಸ್ಪತ್ರೆ, ನೆಂಟರಿಷ್ಟರ ಊರಿನ ಪ್ರಯಾಣವನ್ನೆಲ್ಲ ನಾಲೆ ಬಂದ್ ಇರುವ ದಿನಗಳಿಗೆ ಜೋಡಿಸಿಕೊಂಡ ಮನೆಗೆ ಅದೇ ಬರಗಾಲದಲ್ಲೂ ಉಸಿರಾಡಲು ಜಾಗ ಸಿಗುತ್ತದೆ. ಕೊರತೆಯನ್ನು ನಾವು ನೀಗಿಸಲಾರೆವು, ಆದರೆ ಅದು ಯಾವ ದಿನ ಬರುತ್ತದೆಂದು ತಿಳಿದಿದ್ದರೆ ಅರ್ಧ ಕಷ್ಟ ಕಡಿಮೆ.

ಸುಗ್ಗಿಯ ಕೊಪ್ಪರಿಗೆ ಕಲಿಸುವ ಪಾಠ

ಈ ಸೀಮೆಯಲ್ಲಿ ಸಮಯದ ನಿಜವಾದ ಪರೀಕ್ಷೆ ನಡೆಯುವುದು ಆಗಸ್ಟ್‌ನಿಂದ ಜನವರಿವರೆಗಿನ ಅಡಿಕೆ ಸುಗ್ಗಿಯಲ್ಲಿ. ಗೊನೆಗಳೆಲ್ಲ ಒಟ್ಟಿಗೆ ಬಲಿಯುವುದಿಲ್ಲವಾದ್ದರಿಂದ ಒಂದೇ ತೋಟಕ್ಕೆ ಮೂರು ನಾಲ್ಕು ಸಲ ಕೊಯ್ಲು. ಪ್ರತಿ ಕೊಯ್ಲಿನಲ್ಲೂ ಕೆಲಸಗಳ ಸರಣಿ ಒಂದೇ: ಗೊನೆ ಇಳಿಸುವುದು, ಮನೆಗೆ ಸಾಗಿಸುವುದು, ಸುಲಿಯುವುದು, ಚೊಗರು ಹಾಕಿ ಬೇಯಿಸುವುದು, ಕಣದಲ್ಲಿ ಹರಡಿ ಒಣಗಿಸುವುದು, ಆರಿಸಿ ಚೀಲ ತುಂಬುವುದು. ಇದರಲ್ಲಿ ಯಾವುದನ್ನೂ ಹಿಂದುಮುಂದು ಮಾಡಲಾಗದು. ಕೊಯ್ದ ಅಡಿಕೆ ದಿನಗಟ್ಟಲೆ ಕಾಯುವುದಿಲ್ಲ, ಸುಲಿದ ಅಡಿಕೆ ಇನ್ನೂ ಕಾಯುವುದಿಲ್ಲ. ಮರದಲ್ಲೇ ತಡವಾದರೆ ಹಣ್ಣಾಗಿ ಗೋಟಾಗುತ್ತದೆ, ಬೆಂದ ಮೇಲೆ ಬಿಸಿಲು ಸಿಗದಿದ್ದರೆ ಬಣ್ಣ ಹೋಗುತ್ತದೆ, ಬೆಲೆ ಬೀಳುತ್ತದೆ.

ಈ ಸರಣಿಯಲ್ಲಿ ಎಡವಟ್ಟಾಗುವುದು ಎಲ್ಲಿ ಎಂದು ಹತ್ತಿರದಿಂದ ನೋಡಿ. ಗೊನೆ ಇಳಿಸುವವರು ಸಿಕ್ಕಿದ್ದಾರೆಂದು ಒಂದೇ ದಿನ ತೋಟದ ಮುಕ್ಕಾಲು ಪಾಲು ಇಳಿಸಿಬಿಡುತ್ತೇವೆ. ಸಂಜೆಗೆ ಅಂಗಳದ ತುಂಬ ಗೊನೆ. ಸುಲಿಯುವ ಯಂತ್ರಕ್ಕೆ ಊರಲ್ಲಿ ಸರದಿ. ಯಂತ್ರ ಬಂದು ಗಂಟೆಗಟ್ಟಲೆ ಸುಲಿದು ರಾಶಿ ಹಾಕಿತು ಎನ್ನಿ, ಈಗ ಕೊಪ್ಪರಿಗೆ ಒಂದೇ. ಒಂದು ಬೇಯುವಾಗ ಉಳಿದದ್ದು ಕಾಯುತ್ತದೆ. ಹೆಂಗಸರು ರಾತ್ರಿ ಹನ್ನೆರಡಾದರೂ ಒಲೆಯ ಮುಂದೆ. ಬೆಳಿಗ್ಗೆ ಎಂಟಕ್ಕೆ ಹರಡಬೇಕಾದವರು ನಿದ್ದೆಗೆಟ್ಟು ಹತ್ತಕ್ಕೆ ಹರಡುತ್ತಾರೆ. ಮೊದಲ ದಿನ ಮಾಡಿದ ಆತುರಕ್ಕೆ ಮುಂದಿನ ಮೂರು ದಿನ ದಂಡ ತೆರುತ್ತವೆ.

ಸರಣಿಯ ವೇಗವನ್ನು ತೀರ್ಮಾನಿಸುವುದು ಅದರಲ್ಲಿ ಅತಿ ನಿಧಾನವಾದ ಕೆಲಸ. ಅಡಿಕೆಯಲ್ಲಿ ಅದು ಹೆಚ್ಚಾಗಿ ಬೇಯಿಸುವುದು, ಮೋಡದ ದಿನಗಳಲ್ಲಿ ಒಣಗಿಸುವುದು. ಆದ್ದರಿಂದ ಲೆಕ್ಕವನ್ನು ಕೊನೆಯಿಂದ ಮೊದಲಿಗೆ ಹಾಕಬೇಕು. ಕಣದಲ್ಲಿ ಎಷ್ಟು ಹರಡಲು ಜಾಗವಿದೆ? ಒಂದು ದಿನಕ್ಕೆ ಎಷ್ಟು ಕೊಪ್ಪರಿಗೆ ಇಳಿಸಬಹುದು? ಅಷ್ಟಕ್ಕೆ ಎಷ್ಟು ಗೊನೆ ಬೇಕು? ಅಷ್ಟನ್ನೇ ಕೊಯ್ಯಿಸಬೇಕು. ದೊಡ್ಡ ಕಾರ್ಖಾನೆಗಳ ಎಂಜಿನಿಯರುಗಳು ಮಾಡುವುದೂ ಇದೇ ಲೆಕ್ಕ. ನಮ್ಮ ಹಳೆಯ ಅಡಿಕೆ ಮನೆಗಳ ಯಜಮಾನರು ಇದನ್ನು ಪುಸ್ತಕವಿಲ್ಲದೆ ಬಲ್ಲವರಾಗಿದ್ದರು. ಯಂತ್ರ ಬಂದ ಮೇಲೆ ಸುಲಿಯುವುದು ಮಾತ್ರ ವೇಗವಾಯಿತು. ಉಳಿದ ಕೆಲಸಗಳು ಇದ್ದಲ್ಲೇ ಉಳಿದವು. ಒಂದೇ ಕೆಲಸ ವೇಗವಾದರೆ ಇಡೀ ಮನೆಯ ಹೊತ್ತು ಉಳಿಯುತ್ತದೆ ಎಂಬ ನಂಬಿಕೆ ಇಲ್ಲಿ ಸುಳ್ಳಾಗುತ್ತದೆ.

ಇನ್ನೊಂದು ತಪ್ಪು ಅಂದಾಜಿನದು. 'ಎರಡು ದಿನದಲ್ಲಿ ಮುಗಿಯುತ್ತೆ ಬಿಡ್ರಿ' ಎಂದದ್ದು ನಾಲ್ಕು ದಿನ ಹಿಡಿಯುತ್ತದೆ. ಇದು ನಮ್ಮೂರಿಗೆ ಸೀಮಿತವಲ್ಲ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ ಮತ್ತು ಆಮೋಸ್ ಟ್ವೆರ್‌ಸ್ಕಿ 1979ರಲ್ಲೇ ಇದನ್ನು ಗುರುತಿಸಿದರು. 1994ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ, ತಮ್ಮ ಪ್ರಬಂಧ ಮುಗಿಸಲು ಸರಾಸರಿ 34 ದಿನ ಸಾಕೆಂದ ವಿದ್ಯಾರ್ಥಿಗಳಿಗೆ ನಿಜಕ್ಕೂ ಬೇಕಾದದ್ದು 55 ದಿನಕ್ಕೂ ಹೆಚ್ಚು. ಕೆಲಸ ಸುಸೂತ್ರವಾಗಿ ನಡೆದರೆ ಎಷ್ಟು ಹೊತ್ತು ಬೇಕು ಎಂದು ಮಾತ್ರ ನಾವು ಯೋಚಿಸುತ್ತೇವೆ. ಆಳು ಬರದಿರಬಹುದು, ಕರೆಂಟು ಹೋಗಬಹುದು, ಮಳೆ ಹನಿಯಬಹುದು ಎಂಬುದನ್ನು ಬಿಟ್ಟುಬಿಡುತ್ತೇವೆ. ಇದಕ್ಕೆ ಮದ್ದು ಸರಳ. ಹೋದ ವರ್ಷದ ಮೊದಲ ಕೊಯ್ಲಿಗೆ ಎಷ್ಟು ದಿನ ಹಿಡಿಯಿತು ಎಂದು ಬರೆದಿಟ್ಟಿದ್ದರೆ ಈ ವರ್ಷದ ಅಂದಾಜಿಗೆ ಅದಕ್ಕಿಂತ ಒಳ್ಳೆಯ ಗುರು ಇಲ್ಲ. ಅಡಿಕೆ ಮಾರಿದ ಚೀಟಿಯನ್ನು ಜೋಪಾನ ಮಾಡುವ ನಾವು ದಿನದ ಲೆಕ್ಕವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಜೋಪಾನ ಮಾಡಬೇಕು.

ಮುಯ್ಯಾಳಿನ ಪದ್ಧತಿಯನ್ನೂ ಇಲ್ಲಿ ನೆನೆಯಬೇಕು. ಇವತ್ತು ನಿಮ್ಮ ಮನೆಗೆ ನಾವು, ನಾಡಿದ್ದು ನಮ್ಮ ಮನೆಗೆ ನೀವು. ಕೂಲಿಗೆ ಜನ ಸಿಗದ ಈ ದಿನಗಳಲ್ಲಿ ಅಕ್ಕಪಕ್ಕದ ನಾಲ್ಕು ಮನೆಗಳು ಕೊಯ್ಲಿನ ದಿನಗಳನ್ನು ಮೊದಲೇ ಹಂಚಿಕೊಂಡರೆ ಯಂತ್ರವೂ ಆಳೂ ಒಂದಾದ ಮೇಲೊಂದರಂತೆ ಮನೆಗಳನ್ನು ಸುತ್ತಿ ಬರುತ್ತವೆ. ಯಾರೂ ಯಾರಿಗಾಗಿಯೂ ಕಾಯಬೇಕಿಲ್ಲ. ಹಳೆಯ ಪದ್ಧತಿಯಲ್ಲಿದ್ದ ಈ ಜಾಣತನವನ್ನು ಬಿಟ್ಟುಕೊಟ್ಟು ನಾವು ಏನನ್ನೂ ಗಳಿಸಿಲ್ಲ.

ಹೆಂಗಸರ ಹೊತ್ತು ಎಲ್ಲಿ ಹೋಗುತ್ತದೆ?

ಇಲ್ಲಿಯವರೆಗೆ ಹೇಳಿದ್ದೆಲ್ಲ ಹೊಲ ತೋಟದ ಮಾತು. ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ.

ದೇಶದ ಜನ ದಿನದ 24 ಗಂಟೆಯನ್ನು ಹೇಗೆ ಕಳೆಯುತ್ತಾರೆ ಎಂದು ರಾಷ್ಟ್ರೀಯ ಅಂಕಿಸಂಖ್ಯಾ ಕಚೇರಿ 2019ರಲ್ಲಿ, ಮತ್ತೆ 2024ರಲ್ಲಿ ಸಮೀಕ್ಷೆ ಮಾಡಿತು. ಎರಡನೆಯದರಲ್ಲಿ ಸುಮಾರು 1.39 ಲಕ್ಷ ಮನೆಗಳನ್ನು ಕೇಳಲಾಯಿತು. ಅಡುಗೆ, ಪಾತ್ರೆ, ಬಟ್ಟೆ, ಕಸಮುಸುರೆಯಂಥ ಸಂಬಳವಿಲ್ಲದ ಮನೆಗೆಲಸಕ್ಕೆ, ಆ ಕೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಗಂಡಸರು ಕೊಡುವುದು 88 ನಿಮಿಷ. ವ್ಯತ್ಯಾಸ ಮೂರು ಗಂಟೆ ಇಪ್ಪತ್ತೊಂದು ನಿಮಿಷ. ಈ 88 ನಿಮಿಷವೂ ಮನೆಗೆಲಸಕ್ಕೆ ಕೈಹಾಕಿದ ಗಂಡಸರ ಸರಾಸರಿ ಮಾತ್ರ. 2019ರಲ್ಲಿ ಅಂಥವರು ನೂರಕ್ಕೆ 26 ಜನ, ಹೆಂಗಸರಲ್ಲಿ ನೂರಕ್ಕೆ 81. ಐದು ವರ್ಷದಲ್ಲಿ ಹೆಂಗಸರ ಹೊರೆ 299 ನಿಮಿಷದಿಂದ 289ಕ್ಕೆ ಇಳಿಯಿತು. ಗಂಡಸರ ಪಾಲು ಏರುವ ಬದಲು 97ರಿಂದ 88ಕ್ಕೆ ಇಳಿಯಿತು.

ಈ ಅಂಕಿಗಳು ಇಡೀ ದೇಶದವು. ಆದರೆ ಅಡಿಕೆ ಸೀಮೆಯ ಯಾವ ಮನೆಯ ಹಿತ್ತಿಲಿಗೆ ಹೋದರೂ ಇವುಗಳ ಅರ್ಥ ತಿಳಿಯುತ್ತದೆ. ಮನೆಯ ಹೆಂಗಸು ಐದಕ್ಕೆ ಎದ್ದು ಕೊಟ್ಟಿಗೆ ಬಳಿದು, ಹಾಲು ಕರೆದು, ಡೇರಿಗೆ ಹಾಕಿ ಬರುತ್ತಾಳೆ. ಒಲೆಯ ಮೇಲೆ ಅನ್ನವಿಟ್ಟು ಮಕ್ಕಳಿಗೆ ಜಡೆ ಹಾಕುತ್ತಾಳೆ. ನಲ್ಲಿಯಲ್ಲಿ ನೀರು ಬಂತೆಂದು ಕೂಗು ಕೇಳಿ ಎಲ್ಲ ಬಿಟ್ಟು ಬಿಂದಿಗೆ ಹಿಡಿಯುತ್ತಾಳೆ. ಅಷ್ಟರಲ್ಲಿ ಅತ್ತೆಯ ಕಾಫಿ, ಗಂಡನ ಬುತ್ತಿ. ಒಂದು ಕೆಲಸ ಮುಗಿಯುವ ಮೊದಲೇ ಇನ್ನೊಂದು ಕರೆಯುತ್ತದೆ. ಹೊತ್ತು ಸಾಲದು ಎಂಬುದು ಅವಳ ಕಷ್ಟದ ಒಂದು ಭಾಗ. ಯಾರೂ ಕರೆಯದ ಒಂದು ಇಡೀ ಗಂಟೆ ದಿನದಲ್ಲಿ ಅವಳಿಗೆ ಸಿಗುವುದೇ ಇಲ್ಲ ಎಂಬುದು ದೊಡ್ಡ ಭಾಗ. ಚೂರುಚೂರಾದ ಹೊತ್ತಿನಲ್ಲಿ ಹೊಲಿಗೆ ಕಲಿಯಲಾಗದು, ಓದಲಾಗದು, ಸಂಘದ ಲೆಕ್ಕ ಬರೆಯಲಾಗದು, ಮೈಗೆ ಹುಷಾರಿಲ್ಲದಾಗ ಮಲಗಲೂ ಆಗದು.

ಹೀಗಿರುವಾಗ ಹೆಂಗಸರಿಗೆ 'ಸಮಯವನ್ನು ಚೆನ್ನಾಗಿ ಬಳಸಿ' ಎಂದು ಹೇಳುವುದು ಅನ್ಯಾಯ. ಅವರು ಈಗಾಗಲೇ ಇದ್ದಷ್ಟನ್ನೂ ಬಳಸುತ್ತಿದ್ದಾರೆ. ಮಾಡಬೇಕಾದದ್ದು ಎರಡು. ಮೊದಲನೆಯದು, ಕೆಲಸವನ್ನು ಹಂಚುವುದು, ಅದೂ 'ಸಹಾಯ' ಎಂದಲ್ಲ, ಹೆಸರಿಟ್ಟು ಹಂಚುವುದು. ಸಂಜೆಯ ಹಾಲು ಡೇರಿಗೆ ಹಾಕುವುದು ಗಂಡನ ಕೆಲಸ, ಕುಡಿಯುವ ನೀರು ತುಂಬುವುದು ದೊಡ್ಡ ಮಗನ ಕೆಲಸ, ಊಟವಾದ ಮೇಲೆ ತಟ್ಟೆ ತೊಳೆಯುವುದು ಉಂಡವರ ಕೆಲಸ ಎಂದು ಒಮ್ಮೆ ಗೊತ್ತಾದರೆ ಯಾರೂ ದಿನವೂ ಕೇಳಿ, ಬೇಡಿ, ನೆನಪಿಸಬೇಕಾಗಿಲ್ಲ. ನೆನಪಿಸುವುದೂ ಒಂದು ಕೆಲಸವೇ, ಅದೂ ಹೆಂಗಸರ ತಲೆಯ ಮೇಲೇ ಇದೆ. ಎರಡನೆಯದು, ದಿನದಲ್ಲಿ ಒಂದು ಗಂಟೆಯನ್ನು ಅವಳಿಗೆಂದು ಬೇಲಿ ಹಾಕಿ ಉಳಿಸುವುದು. ಮಧ್ಯಾಹ್ನ ಮೂರರಿಂದ ನಾಲ್ಕು ಆಗಲಿ, ರಾತ್ರಿ ಎಂಟರಿಂದ ಒಂಬತ್ತು ಆಗಲಿ, ಆ ಹೊತ್ತಿನಲ್ಲಿ ಅವಳನ್ನು ಯಾರೂ ಕರೆಯಬಾರದು.

ಕಚೇರಿಯ ಬಾಗಿಲಲ್ಲಿ ಕಳೆದ ದಿನಗಳು

ಹಳ್ಳಿಯವರ ಹೊತ್ತು ಸದ್ದಿಲ್ಲದೆ ಸೋರಿಹೋಗುವ ಇನ್ನೊಂದು ಜಾಗ ತಾಲ್ಲೂಕು ಕೇಂದ್ರ. ಒಂದು ದಾಖಲೆಗಾಗಿ ಬಸ್ಸು ಹತ್ತಿ ಹೋದರೆ, 'ಸಾಹೇಬ್ರು ಮೀಟಿಂಗಿಗೆ ಹೋಗಿದಾರೆ, ನಾಳೆ ಬನ್ನಿ.' ನಾಳೆ ಹೋದರೆ, 'ಒಂದು ಜೆರಾಕ್ಸ್ ಕಮ್ಮಿ ಇದೆ.' ಒಂದು ಕೂಲಿ ದಿನ ಹೋಯಿತು, ಬಸ್ಸಿನ ದುಡ್ಡು ಹೋಯಿತು, ಕೆಲಸ ಆಗಲಿಲ್ಲ.

ಈ ಸೋರಿಕೆಯನ್ನು ತಡೆಯಲು ಕರ್ನಾಟಕ ಮಾಡಿದ ಪ್ರಯತ್ನಗಳು ಸಣ್ಣವಲ್ಲ. ಪಹಣಿಗಾಗಿ ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಅಲೆಯುವ ಕಾಲವನ್ನು 'ಭೂಮಿ' ಯೋಜನೆ ಮುಗಿಸಿತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಂಪ್ಯೂಟರ್ ಸೇರಿ, 15 ರೂಪಾಯಿಗೆ ಕಿಟಕಿಯಲ್ಲೇ ಪಹಣಿ ಸಿಗತೊಡಗಿತು. 2012ರ ಏಪ್ರಿಲ್ 2ರಂದು ರಾಜ್ಯದಾದ್ಯಂತ 'ಸಕಾಲ' ಬಂತು. ಒಂದೊಂದು ಸೇವೆಗೂ ಇಷ್ಟು ಕೆಲಸದ ದಿನ ಎಂದು ಗಡುವು, ಅರ್ಜಿಗೆ 15 ಅಂಕಿಯ ಸಂಖ್ಯೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ, ಅದೂ ತಡ ಮಾಡಿದ ಅಧಿಕಾರಿಯಿಂದ. ಮೊತ್ತ ದೊಡ್ಡದಲ್ಲ. ಆದರೆ ಜನರ ಸಮಯಕ್ಕೆ ಬೆಲೆಯಿದೆ, ಅದನ್ನು ಕೆಡಿಸಿದವರು ತೆರಬೇಕು ಎಂದು ಕಾನೂನಿನಲ್ಲೇ ಬರೆದದ್ದು ದೊಡ್ಡ ಮಾತು. ಆಮೇಲೆ ಬಂದ 'ಗ್ರಾಮ ಒನ್' ಕೇಂದ್ರಗಳು ಮೊದಲು ಪ್ರಾಯೋಗಿಕವಾಗಿ ನಡೆದದ್ದು ದಾವಣಗೆರೆ ಜಿಲ್ಲೆಯಲ್ಲೇ. 2022ರ ಜನವರಿಯಲ್ಲಿ ಅವು 12 ಜಿಲ್ಲೆಗಳಿಗೆ ಹರಡಿದವು. ಅರ್ಜಿ ಹಾಕಲು ತಾಲ್ಲೂಕಿಗೆ ಹೋಗುವ ಬದಲು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಹಾಕಬಹುದೆಂಬುದು ಅವುಗಳ ಆಶಯ.

ಇವನ್ನು ನಾವು ಪೂರ್ತಿ ಬಳಸುತ್ತಿದ್ದೇವೆಯೇ ಎಂಬುದು ಪ್ರಶ್ನೆ. ಅರ್ಜಿ ಕೊಟ್ಟ ಕೂಡಲೇ ಸಕಾಲ ಸ್ವೀಕೃತಿ ಕೇಳಿ ಪಡೆಯಿರಿ, ಅದರ ಫೋಟೋ ತೆಗೆದಿಡಿ. ಗಡುವಿನ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ, ಆ ದಿನದ ಮೊದಲು ವಿಚಾರಿಸಲು ಹೋಗಬೇಡಿ. ಆಧಾರ್, ಪಡಿತರ ಚೀಟಿ, ಪಹಣಿ, ಬ್ಯಾಂಕ್ ಪಾಸ್‌ಬುಕ್, ಪಾಸ್‌ಪೋರ್ಟ್ ಅಳತೆಯ ಫೋಟೋ, ಇವೆಲ್ಲದರ ಎರಡೆರಡು ಜೆರಾಕ್ಸ್ ಒಂದೇ ಫೈಲಿನಲ್ಲಿ ಇರಲಿ. ಪೇಟೆಗೆ ಹೋಗುವ ಕೆಲಸಗಳನ್ನು ಒಂದೊಂದಾಗಿ ಹೊತ್ತು ಹೋಗದೆ, ಬ್ಯಾಂಕು, ಗೊಬ್ಬರದಂಗಡಿ, ಅಡಿಕೆ ಮಾರುವ ತುಮ್ಕೋಸ್ ಸಹಕಾರ ಸಂಘ, ತಾಲ್ಲೂಕು ಕಚೇರಿ ಎಲ್ಲವನ್ನೂ ವಾರದ ಒಂದೇ ದಿನಕ್ಕೆ ಸೇರಿಸಿ. ಹೊರಡುವ ಮುನ್ನ ಒಂದು ಫೋನ್ ಕರೆ. ನೆರೆಮನೆಯವರಿಗೂ ಪೇಟೆಯಲ್ಲಿ ಏನಾದರೂ ಬೇಕೇ ಎಂದು ಕೇಳುವ ಹಳೆಯ ರೂಢಿ ಉಳಿಸಿಕೊಂಡರೆ ಊರಿನ ಹತ್ತು ಪ್ರಯಾಣ ಐದಾಗುತ್ತದೆ.

ಮಳೆ ನಕ್ಷತ್ರದ ಹದಿನಾಲ್ಕು ದಿನ

ನಗರದ ಜನ ವಾರದ ಲೆಕ್ಕದಲ್ಲಿ ಬದುಕುತ್ತಾರೆ. ರೈತನಿಗೆ ವಾರ ತೀರಾ ಚಿಕ್ಕದು, ತಿಂಗಳು ತೀರಾ ದೊಡ್ಡದು. ನಮ್ಮ ಹಿರಿಯರು ಹಿಡಿದ ಅಳತೆ ಮಳೆ ನಕ್ಷತ್ರ. ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು ಹೀಗೆ ಒಂದೊಂದೂ ಹದಿಮೂರು ಹದಿನಾಲ್ಕು ದಿನ. ಮೇ 25ರ ಸುಮಾರಿಗೆ ರೋಹಿಣಿ ಹಿಡಿದರೆ ಜೂನ್ 8ರ ಹೊತ್ತಿಗೆ ಮೃಗಶಿರಾ. ಮಳೆ ಹೇಳಿದ ದಿನವೇ ಬರುತ್ತದೆಂಬ ಭರವಸೆ ಈಗ ಯಾರಿಗೂ ಇಲ್ಲ. ಆದರೆ ಯೋಜನೆಯ ಅಳತೆಯಾಗಿ ಈ ಎರಡು ವಾರದ ತುಂಡು ಇವತ್ತಿಗೂ ಬಹಳ ಒಳ್ಳೆಯದು. ದಿನದ ಪಟ್ಟಿಯನ್ನು ಒಂದು ಮಳೆ, ಒಂದು ಕರೆಂಟು ಕೆಡಿಸಬಲ್ಲದು. ಹದಿನಾಲ್ಕು ದಿನದ ಪಟ್ಟಿಯಲ್ಲಿ ಎರಡು ದಿನ ಕೆಟ್ಟರೂ ಉಳಿದ ದಿನಗಳಲ್ಲಿ ಸರಿಹೊಂದಿಸಿಕೊಳ್ಳಬಹುದು.

ಹೀಗೆ ಮಾಡಿ: ಪ್ರತಿ ಮಳೆ ನಕ್ಷತ್ರ ಹಿಡಿಯುವ ಹಿಂದಿನ ಸಂಜೆ ಮನೆಯವರೆಲ್ಲ ಕೂತು ಆ ಹದಿನಾಲ್ಕು ದಿನದಲ್ಲಿ ಆಗಲೇಬೇಕಾದ ಐದು ಕೆಲಸ ಬರೆಯಿರಿ. ಮಳೆ ಬಂದರೆ ಮಾಡುವ ಕೆಲಸ ಒಂದು ಕಡೆ, ಬಿಸಿಲಿದ್ದರೆ ಮಾಡುವ ಕೆಲಸ ಇನ್ನೊಂದು ಕಡೆ. ಆಗ ಬೆಳಿಗ್ಗೆ ಮೋಡ ನೋಡಿ 'ಇವತ್ತು ಏನೂ ಆಗಲ್ಲ' ಎಂದು ಕೂರುವ ಪ್ರಮೇಯ ಬರುವುದಿಲ್ಲ.

ಮೊಬೈಲಿನ ಬಗ್ಗೆಯೂ ಒಂದು ಮಾತು. ಧಾರಣೆ ತಿಳಿಯಲು, ಹವಾಮಾನ ನೋಡಲು, ಮೋಟಾರು ಹಾಕಲು ಅದು ಬೇಕು. ಆದರೆ ಅಡಿಕೆ ಧಾರಣೆಯನ್ನು ದಿನಕ್ಕೆ ಹತ್ತು ಸಲ ನೋಡಿದರೆ ಬೆಲೆ ಏರುವುದಿಲ್ಲ. ಮಾರುವ ದಿನ ಬಂದಾಗ ನೋಡಿದರೆ ಸಾಕು. ರಾತ್ರಿ ಊಟದ ನಂತರ ಮನೆಯ ಎಲ್ಲ ಮೊಬೈಲುಗಳೂ ಒಂದು ಗಂಟೆ ಒಂದೇ ಜಾಗದಲ್ಲಿರಲಿ. ಎಸ್ಸೆಸ್ಸೆಲ್ಸಿ ಮಕ್ಕಳಿರುವ ಮನೆಗೆ ಇದಕ್ಕಿಂತ ಅಗ್ಗದ ಟ್ಯೂಷನ್ ಇಲ್ಲ.

ಒಂದು ವಾರದ ಪ್ರಯೋಗ

ರಾಷ್ಟ್ರೀಯ ಸಮೀಕ್ಷೆಯವರು ಬಳಸಿದ ವಿಧಾನ ಯಾರ ಮನೆಯಲ್ಲಾದರೂ ಮಾಡಬಹುದಾದದ್ದು. ಅವರು ಬೆಳಗಿನ ಜಾವ ನಾಲ್ಕರಿಂದ ಮರುದಿನ ನಾಲ್ಕರವರೆಗೆ ದಿನವನ್ನು ಅರ್ಧರ್ಧ ಗಂಟೆಯ 48 ಮನೆಗಳಾಗಿ ಮಾಡಿ, ಒಂದೊಂದರಲ್ಲೂ ಏನು ಮಾಡಿದಿರಿ ಎಂದು ಕೇಳಿದರು. ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಈ 48 ಗೆರೆ ಎಳೆಯಿರಿ. ಒಂದು ವಾರ ಮನೆಯ ಗಂಡಸು ಒಂದು ಪುಟ, ಹೆಂಗಸು ಒಂದು ಪುಟ ತುಂಬಲಿ. ಮಕ್ಕಳೇ ಬರೆದುಕೊಡಲಿ. ವಾರದ ಕೊನೆಗೆ ಎರಡು ಪುಟ ಪಕ್ಕಪಕ್ಕ ಇಟ್ಟು ಮೂರು ಬಣ್ಣ ಹಾಕಿ: ಹೊರಗಿನವರು ಗೊತ್ತುಮಾಡಿದ ಹೊತ್ತು, ಸುಮ್ಮನೆ ಕಾದು ಕಳೆದ ಹೊತ್ತು, ನಾವೇ ಆರಿಸಿಕೊಂಡ ಹೊತ್ತು. ಎಲ್ಲಿ ಸೋರುತ್ತಿದೆ ಎಂಬುದು ಯಾರೂ ಹೇಳಿಕೊಡದೆ ಕಾಣುತ್ತದೆ.

ಕಾಣಿಸಿದ ಮೇಲೆ ಮನೆಯವರು ಮಾಡಬೇಕಾದದ್ದು ಮನೆಯವರಿಗೆ, ಹೊರಗಿನವರು ಮಾಡಬೇಕಾದದ್ದು ಹೊರಗಿನವರಿಗೆ ಸೇರಿದ್ದು. ಕರೆಂಟಿನ ಪಾಳಿ ಬದಲಾಗುವುದಾದರೆ ಹಿಂದಿನ ದಿನವೇ ಊರಿಗೆ ತಿಳಿಸುವುದು ಬೆಸ್ಕಾಂಗೆ ಖರ್ಚಿನ ಬಾಬತ್ತಲ್ಲ. ನಾಲೆಯ ದಿನಾಂಕಗಳನ್ನು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಸುವುದು, ಕುಡಿಯುವ ನೀರು ಬಿಡುವ ಹೊತ್ತನ್ನು ಒಂದೇ ಸಮನೆ ಇಡುವುದು, ಕಚೇರಿಯಲ್ಲಿ ಅಧಿಕಾರಿ ಸಿಗುವ ದಿನ ಮತ್ತು ವೇಳೆಯನ್ನು ಬಾಗಿಲ ಮೇಲೆ ಹಾಕುವುದು, ಇವಕ್ಕೆ ಹೊಸ ಯೋಜನೆಯೂ ಬೇಡ, ಅನುದಾನವೂ ಬೇಡ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಬೇಡಿಕೆಗಳ ಜೊತೆಗೆ ಈ ನಾಲ್ಕನ್ನೂ ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ನಲ್ಲೂರಿನಿಂದ ನ್ಯಾಮತಿಯವರೆಗೆ, ಹೊನ್ನಾಳಿಯಿಂದ ಜಗಳೂರಿನವರೆಗೆ ಈ ಜಿಲ್ಲೆಯ ರೈತ ಮನೆಗಳು ದುಡಿಮೆಯಲ್ಲಿ ಹಿಂದೆ ಬಿದ್ದವಲ್ಲ. ಅವರ ಹೊತ್ತಿಗೂ ಬೆಲೆಯಿದೆ ಎಂದು ನಾವು ಮೊದಲು ಒಪ್ಪಬೇಕು, ಆಮೇಲೆ ಅದನ್ನು ಎಲ್ಲರೂ ಒಪ್ಪುವಂತೆ ಕೇಳಬೇಕು.